ಅಪ್ಪನ ದಸ್ತಿಯಲ್ಲಿ ಎಂಟು ಔನ್ಸು

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ಓವನ್ನಿನ ಬಣ್ಣ ನನ್ನ ನೆನಪಿನಲ್ಲಿ ಕಡುಗೆಂಪು. ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಅದು ಬಿಳಿ ಎನ್ನುತ್ತಾರೆ. ಮೂರು ವರ್ಷ ಅದನ್ನು ದಿನವೂ ಒರೆಸಿದವರು ಅವರು, ಆದ್ದರಿಂದ ಬಿಳಿಯೇ ಇದ್ದೀತು. ಆದರೆ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಕೆಂಪು ಓವನ್ನೇ.

ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವಳು. ಒಬ್ಬನೇ ಸಾಕ್ಷಿ ಹೇಳಿದ್ದನ್ನು ಪರೀಕ್ಷಿಸದೆ ನಂಬಬಾರದು ಎಂದು ಅಲ್ಲಿ ಕಲಿಸಿದರು. ಆ ಸಾಕ್ಷಿ ನಾನೇ ಆಗಿಬಿಟ್ಟರೆ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ದಿನಚರಿ ಬರೆಯುವ ಚಾಳಿ ಆಗಲೂ ಇತ್ತು. ತೆಗೆದು ನೋಡಿದರೆ ಆ ವಾರದ ಪುಟಗಳ ತುಂಬ ಸಮ್ಮೆ ಎನ್ನುವ ಮುಷ್ಕರ, ಮುಂದೆ ಹೋದ ಪರೀಕ್ಷೆ, ನನ್ನ ತಲೆನೋವು. ಕೇಕಿನ ಬಗ್ಗೆ ಇರುವುದು ಒಂದೇ ಸಾಲು: ‘ಕೇಕ್ ಆಯಿತು, ಅಪ್ಪ ತಿಂದರು.’ ನಮ್ಮ ಮನೆಯಲ್ಲಿ ಆ ವರ್ಷ ನಡೆದದ್ದರಲ್ಲಿ ಅತ್ಯಂತ ಮುಖ್ಯವಾದದ್ದಕ್ಕೆ ನಾನು ಕೊಟ್ಟ ಜಾಗ ಅಷ್ಟೇ.

ಅದು ತೆಲಂಗಾಣ ಚಳವಳಿ ಜೋರಾಗಿದ್ದ ವರ್ಷ, ದಸರೆಯ ಆಸುಪಾಸು. ಹೈದರಾಬಾದಿನಲ್ಲಿ ನಮ್ಮ ತರಗತಿಗಳು ನಿಂತು, ಹಾಸ್ಟೆಲ್ ಖಾಲಿಯಾಗಿ, ನಾನು ಜಹೀರಾಬಾದಿಗೆ ಬಂದು ಕೂತಿದ್ದೆ. ಸರ್ಕಾರಿ ನೌಕರರೆಲ್ಲ ಮುಷ್ಕರ ಹೂಡಿದ್ದರಿಂದ ಅಪ್ಪನೂ ಮನೆಯಲ್ಲೇ. ಬೆಳಿಗ್ಗೆ ಒಂದಿಷ್ಟು ಹೊತ್ತು ಧರಣಿಯ ಟೆಂಟಿಗೆ ಹೋಗಿ ಬಂದರೆ ಮುಗಿಯಿತು, ಉಳಿದ ದಿನವೆಲ್ಲ ಪಡಸಾಲೆಯ ಕುರ್ಚಿ, ಕೈಯಲ್ಲಿ ಪೇಪರು. ಮೂವತ್ತು ವರ್ಷ ಆಫೀಸಿನಲ್ಲಿದ್ದ ಮನುಷ್ಯ ಇದ್ದಕ್ಕಿದ್ದಂತೆ ಮನೆಯಲ್ಲಿ ಕೂತರೆ ಮನೆಯವರಿಗೆಲ್ಲ ಒಬ್ಬ ಮೇಲಧಿಕಾರಿ ಬಂದಂತೆ. ಸಾಸಿವೆ ಯಾಕೆ ಸಿಡಿಯುತ್ತಿದೆ, ನಲ್ಲಿ ಯಾಕೆ ತೊಟ್ಟಿಕ್ಕುತ್ತಿದೆ, ಎಲ್ಲಕ್ಕೂ ವಿಚಾರಣೆ. ತಾಂಡೂರಿನಿಂದ ಎರಡು ದಿನದ ಮಟ್ಟಿಗೆ ಬಂದಿದ್ದ ಅತ್ತೆ, ಅಪ್ಪನ ಅಕ್ಕ, ಬಸ್ಸು ನಿಂತದ್ದರಿಂದ ನಮ್ಮಲ್ಲೇ ಉಳಿದುಬಿಟ್ಟಿದ್ದರು. ಅಣ್ಣ ಬೀದರಿನ ಬ್ಯಾಂಕಿನಲ್ಲಿ, ಗಡಿಯ ಆ ಕಡೆ ಸಿಕ್ಕಿಕೊಂಡಿದ್ದ. ಹೀಗೆ ಇರಬೇಕಾದವರು ಇಲ್ಲದೆ, ಹೋಗಬೇಕಾದವರು ಹೋಗದೆ ಇದ್ದ ಮನೆಗೆ ಓವನ್ ಬಂತು.

ಅದು ಪಕ್ಕದ ಮನೆಯ ಖಾಲಾ ಅವರದು. ಖಾಲಾ ಎಂದರೆ ಉರ್ದುವಿನಲ್ಲಿ ಚಿಕ್ಕಮ್ಮ. ಅವರ ಗಂಡ ಜೆದ್ದಾದಲ್ಲಿ ಒಂದು ಇಂಗ್ಲಿಷ್ ಕುಟುಂಬಕ್ಕೆ ಡ್ರೈವರ್ ಆಗಿದ್ದವರು. ಆ ಕುಟುಂಬ ತಮ್ಮ ದೇಶಕ್ಕೆ ಹೊರಡುವಾಗ ಓವನ್ನನ್ನೂ ಒಂದು ಅಡುಗೆ ಪುಸ್ತಕವನ್ನೂ ಇವರಿಗೆ ಕೊಟ್ಟು ಹೋಗಿತ್ತು. ಖಾಲಾ ಗೋಡೆಯ ಮೇಲಿನಿಂದ ವೈನಿಯನ್ನು ಕರೆದರು.

“ಬೇಟಿ, ಈ ಭಟ್ಟಿ ನಂಗ ಬ್ಯಾಡ. ನಾ ಒಮ್ಮಿ ಹಪ್ಪಳ ಸುಟ್ಟೆ ನೋಡು, ಅಷ್ಟೇ. ಬೀದರಿನ ಬೇಕರಿಯವ ಕೇಳ್ಯಾನ, ಬಸ್ಸು ಶುರು ಆದ ಕೂಡ್ಲೆ ಬಂದು ಒಯ್ತಾನಂತ. ನಿಂಗ ಮಾಡಾಕ ಬಂದ್ರ ನೀನೇ ಇಟ್ಕೊ. ಮನಿ ಮಗಳು ಇಟ್ಕೊಂಡಂಗ ಆತು.”

ವೈನಿ ನಾರಾಯಣಖೇಡದವರು. ಬಿ.ಕಾಂ. ಮುಗಿಸಿ ಮದುವೆಯಾಗಿ ಬಂದವರು. ಓಣಿಯಲ್ಲಿ ಯಾವ ಮಗುವಿನ ಹುಟ್ಟುಹಬ್ಬವಾದರೂ ಕೇಕು ಹೈದರಾಬಾದಿನಿಂದಲೋ ಬೀದರಿನಿಂದಲೋ ಬಸ್ಸಿನಲ್ಲಿ ಕುಲುಕಾಡುತ್ತ, ಮೇಲಿನ ಹೆಸರು ಅಳಿಸಿಕೊಂಡು ಬರುವುದನ್ನು ಅವರು ಬಂದ ದಿನದಿಂದ ನೋಡುತ್ತಿದ್ದರು. ಆ ಕೆಲಸ ಇಲ್ಲೇ ಮಾಡಬಹುದಲ್ಲ ಎಂದು ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದರು. “ನಂಗಂತ ಒಂದು ಕೆಲಸ ಬೇಕ ನೋಡವಾ. ಬೆಳಗ್ಗೆದ್ರ ಇವತ್ತ ನಾ ಇದು ಮಾಡಬೇಕು ಅನ್ನೂವಂಥಾದ್ದು.” ಓವನ್ನು ಪಡಸಾಲೆಗೆ ಬಂದ ಸಂಜೆ ಅವರ ಮುಖ ಹೇಗಿತ್ತೆಂದು ನನಗೆ ಚೆನ್ನಾಗಿ ನೆನಪಿದೆ. ಇದೊಂದನ್ನು ಯಾರು ಏನೆಂದರೂ ನಾನು ಬಿಟ್ಟುಕೊಡುವುದಿಲ್ಲ.

ಪಡಸಾಲೆಗೆ ಯಾಕೆಂದರೆ ಅವ್ವ ಅದನ್ನು ಅಡುಗೆಮನೆಗೆ ಬಿಡಲಿಲ್ಲ. ಕೇಕಿಗೆ ತತ್ತಿ, ಅಂದರೆ ಮೊಟ್ಟೆ, ಬೇಕೆಂದು ಅವ್ವನಿಗೆ ಗೊತ್ತಿತ್ತು. ಅಣ್ಣ, ನಾನು ಹೊರಗೆ ತತ್ತಿ ತಿನ್ನುವುದು ಗೊತ್ತಿದ್ದೂ ಗೊತ್ತಿಲ್ಲದಂತೆ ಇದ್ದವಳು ಅವಳು. “ನನ್ನ ಒಲಿ ಹತ್ರ ಬ್ಯಾಡ, ಅಪ್ಪಗ ಗೊತ್ತಾಗೂದು ಬ್ಯಾಡ” ಎಂದು ಎರಡೇ ಮಾತಿನಲ್ಲಿ ಮುಗಿಸಿದಳು. ಅಪ್ಪ ತತ್ತಿ ತಿನ್ನುತ್ತಿರಲಿಲ್ಲ. ವ್ರತ, ನೇಮ ಅಂತೇನೂ ಇರಲಿಲ್ಲ, ಅವರಿಗೆ ಅದರ ವಾಸನೆ ಆಗುತ್ತಿರಲಿಲ್ಲ. ಓಣಿಯ ಆ ತುದಿಯಲ್ಲಿ ಯಾರಾದರೂ ತತ್ತಿ ಒಡೆದರೆ ಈ ತುದಿಯಲ್ಲಿ ತನಗೆ ತಿಳಿಯುತ್ತದೆ ಎಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಆ ಅಪ್ಪನೇ ತೀರ್ಪು ಕೊಡುವವರಾದರು. ಓವನ್ನು ಬಂದು ಕೂತದ್ದು ಅವರ ಚಹಾದ ಕಪ್ಪು, ಕನ್ನಡಕದ ಡಬ್ಬಿ ಇಡುತ್ತಿದ್ದ ಟೇಬಲ್ಲಿನ ಮೇಲೆ.

“ಪಡಸಾಲಿ ಏನು ಬೇಕರಿ ಆತೇನು?”

“ಕೂಸಿನ ಹುಟ್ಟಿದ ಹಬ್ಬಕ್ಕ ಮಾಡಬೇಕಂತ ಮಾಡೀನ್ರಿ ಮಾವಾರ. ನಾರಾಯಣಖೇಡಕ್ಕ ನಮ್ಮ ತವರವ್ರಿಗೂ ಹೇಳೀನಿ, ಕೇಕು ನಾನೇ ಮಾಡ್ತೀನಂತ.”

ಅಪ್ಪ ಸ್ವಲ್ಪ ಹೊತ್ತು ಓವನ್ನಿನ ಗಾಜಿನಲ್ಲಿ ಕಾಣುತ್ತಿದ್ದ ತಮ್ಮ ಮುಖವನ್ನೇ ನೋಡಿದರು. “ಆತು. ಹಬ್ಬದ ದಿನ ನಾ ಎರಡು ತುಂಡು ತಿನ್ನೂವಂಗ ಮಾಡು. ಮಾಡಿದ್ರ ಈ ಪೆಟ್ಟಿಗಿ ಇಲ್ಲೇ ಇರ್ಲಿ. ಇಲ್ಲಂದ್ರ ಖಾಲಾನ ಮನಿಗಿ ವಾಪಸ್, ನನ್ನ ಟೇಬಲ್ ನಂಗ.”

ಹುಟ್ಟುಹಬ್ಬಕ್ಕೆ ಒಂದು ವಾರವಿತ್ತೋ, ಇನ್ನೂ ಕಡಿಮೆಯೋ. ಕೂಸು ಅಣ್ಣನ ಮೊದಲ ಮಗಳು, ಅವಳಿಗೆ ಆಗ ವರ್ಷ ತುಂಬುತ್ತಿತ್ತು.

ಪುಸ್ತಕದಲ್ಲಿ ವೈನಿ ಆರಿಸಿಕೊಂಡದ್ದು ಎಲ್ಲಕ್ಕಿಂತ ಸರಳವಾದ ಕೇಕು. ಎಂಟು ಔನ್ಸು ಬೆಣ್ಣೆ, ಎಂಟು ಔನ್ಸು ಸಕ್ಕರೆ, ಎಂಟು ಔನ್ಸು ಮೈದಾ, ನಾಲ್ಕು ತತ್ತಿ, ಒಂದು ಚಮಚ ಬೇಕಿಂಗ್ ಪೌಡರ್, ಚೂರು ವೆನಿಲಾ. ಓವನ್ನಿನ ಶಾಖ ಮುನ್ನೂರೈವತ್ತು. ಇಂಗ್ಲೆಂಡಿನಲ್ಲಿ ಅಚ್ಚಾದ ಹಳೆಯ ಪುಸ್ತಕ, ಎಲ್ಲಿಯೋ ತಯಾರಾಗಿ ಜೆದ್ದಾದಲ್ಲಿ ದುಡಿದ ಓವನ್ನು, ಜಹೀರಾಬಾದಿನ ಕಿರಾಣಿ ಅಂಗಡಿಯ ಮೈದಾ. ಇವು ಮೂರೂ ಒಂದೇ ಭಾಷೆ ಆಡುತ್ತವೆ ಎಂದು ನಾವು ಯಾಕೆ ನಂಬಿದೆವೋ.

ಮೊದಲ ದಿನ ಔನ್ಸಿನ ಗೊಡವೆಗೇ ಹೋಗಲಿಲ್ಲ. ಅಂದಾಜಿನಲ್ಲಿ ಹಾಕಿದೆವು. ತತ್ತಿಗಳನ್ನು ಖಾಲಾ ತಮ್ಮ ಮನೆಯಲ್ಲೇ ಒಡೆದು, ಕಡೆದು, ಮುಚ್ಚಳದ ಡಬ್ಬಿಯಲ್ಲಿ ಗೋಡೆಯ ಮೇಲಿಂದ ದಾಟಿಸಿದರು. ಅಪ್ಪನ ಎದುರಿಗೆ ಅವಕ್ಕೆ ‘ಖಾಲಾನ ಸಾಮಾನು’ ಎಂದು ಹೆಸರಾಯಿತು. ಓವನ್ನಿನ ಬಿರಡೆ ತಿರುಗಿಸಲು ಹೋದರೆ ಅದರ ಮೇಲಿನ ಅಂಕಿ ಇನ್ನೂರೈವತ್ತಕ್ಕೇ ಮುಗಿದಿತ್ತು.

“ಮುನ್ನೂರೈವತ್ತು ಬೇಕಂತ ಬರ್ದಾರ, ಇದರಾಗ ಅಷ್ಟು ಶಕ್ತಿನೇ ಇಲ್ಲಲ್ಲ,” ಎಂದರು ವೈನಿ.

“ಹಳೇದಾಗಿರ್ಬೇಕು. ಪೂರ್ತಿ ತಿರುವ್ರಿ. ಒಂದಿಷ್ಟು ಹೆಚ್ಚು ಹೊತ್ತು ಇಟ್ರಾತು,” ಎಂದೆ ನಾನು.

ಹಾಗೇ ಮಾಡಿದೆವು. ಮೇಲೆ ಇದ್ದಿಲು, ಒಳಗೆ ಹಸಿ ಹಿಟ್ಟು. ತಟ್ಟೆಯಿಂದ ಕೆಡವಿದಾಗ ಟಣ್ ಎಂದಿತು. ಅತ್ತೆ ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡಿದರು.

“ನಮ್ಮ ತಾಂಡೂರಿನ ಫರಸಿ ಕಲ್ಲು ಇದ್ದಂಗ ಆಗ್ಯಾದ ನೋಡು ಸೊಸಿ. ಒಂದೀಟು ಪಾಲಿಶ್ ಮಾಡಿದ್ರ ಅಂಗಳಕ್ಕ ಹಾಸಬಹುದು.”

“ಹಾಸೂಣ್ರಿ ಅತ್ತಿ. ಬಸ್ಸು ಶುರು ಆದ್ಮ್ಯಾಲ ನಿಮ್ಮ ಜೋಡಿನೇ ತಾಂಡೂರಿಗಿ ಕಳಿಸ್ತೀನಿ, ಮಾರ್ರಿ,” ಎಂದರು ವೈನಿ. ನಕ್ಕರು, ಆದರೆ ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ.

ತಪ್ಪು ಎಲ್ಲಿದೆ ಎಂದು ತೋರಿಸಿದ್ದು ಜ್ವರದ ಕೋಲು. ಮರುದಿನ ಕೂಸಿನ ಮೈ ಬೆಚ್ಚಗಿದೆಯೆಂದು ಅವ್ವ ಥರ್ಮಾಮೀಟರ್ ಇಟ್ಟು, “ತೊಂಬತ್ತೊಂಬತ್ತು, ಏನಿಲ್ಲ” ಎಂದಳು. ಅದೇ ಹೊತ್ತಿಗೆ ಅಪ್ಪ ಪೇಪರು ನೋಡಿ, “ನಿನ್ನಿ ಮೂವತ್ತೆರಡು ಡಿಗ್ರಿ ಇತ್ತಂತ” ಎಂದರು. ತೊಂಬತ್ತೊಂಬತ್ತಕ್ಕೆ ಏನೂ ಇಲ್ಲ, ಮೂವತ್ತೆರಡಕ್ಕೆ ಸೆಕೆ. ಒಂದೇ ಮನೆಯಲ್ಲಿ ಎರಡು ದೇಶಗಳ ಶಾಖ ಇಷ್ಟು ವರ್ಷ ಜಗಳವಿಲ್ಲದೆ ಬಾಳಿತ್ತು. ಜ್ವರ ಫ್ಯಾರನ್‌ಹೀಟಿನಲ್ಲಿ, ಬಿಸಿಲು ಸೆಲ್ಸಿಯಸ್ಸಿನಲ್ಲಿ. ನಾನು ಶಾಲೆಯ ಸೂತ್ರ ನೆನಪಿಸಿಕೊಂಡು ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕಿದೆ. ಮುನ್ನೂರೈವತ್ತರಲ್ಲಿ ಮೂವತ್ತೆರಡು ಕಳೆದು, ಐದರಿಂದ ಗುಣಿಸಿ, ಒಂಬತ್ತರಿಂದ ಭಾಗಿಸಿದರೆ ನೂರಾ ಎಪ್ಪತ್ತಾರು ಚಿಲ್ಲರೆ. ಓವನ್ನಿಗೆ ಶಕ್ತಿ ಇತ್ತು, ನಾವೇ ಕೇಕನ್ನು ಸುಡಗಾಡಿಗೆ ಕಳಿಸಿದ್ದೆವು.

ಇಷ್ಟಾದ ಮೇಲೆ ನನಗೆ ಸೊಕ್ಕು ಬಂತು. ಔನ್ಸನ್ನೂ ಹೀಗೇ ಹಿಡಿಯುತ್ತೇನೆ ಎಂದುಕೊಂಡೆ. ಹುಡುಕಬೇಕಾದ್ದೇ ಇರಲಿಲ್ಲ. ಕೂಸಿನ ಹಾಲಿನ ಬಾಟಲಿಯ ಒಂದು ಬದಿಗೆ ಮಿಲಿಲೀಟರು, ಇನ್ನೊಂದು ಬದಿಗೆ ಔನ್ಸು. ಮೇಲಿನ ಗೆರೆಯೇ ಎಂಟು! ದೇವರೇ ನಮಗಾಗಿ ಗೆರೆ ಕೊರೆದಂತಿತ್ತು. ಒಂದು ಬಾಟಲಿ ಸಕ್ಕರೆ. ಒಂದು ಬಾಟಲಿ ಮೈದಾ. ಬೆಣ್ಣೆ ಬಾಯಿಯಲ್ಲಿ ಇಳಿಯದ್ದರಿಂದ ಕರಗಿಸಿ ಸುರಿದೆವು. ಅಷ್ಟರಲ್ಲಿ ಕೂಸು ಎದ್ದು, ತನ್ನ ಬಾಟಲಿ ನಮ್ಮ ಕೈಯಲ್ಲಿ ಇರುವುದನ್ನು ಕಂಡು ರಚ್ಚೆ ಹಿಡಿಯಿತು. ತೊಳೆದು ಹಾಲು ತುಂಬಿ ಕೊಟ್ಟೆವು. ಎಲ್ಲೋ ಸಕ್ಕರೆ ಉಳಿದಿತ್ತೇನೋ, ಅಂಥ ಸಂತೋಷದಿಂದ ಅವಳು ಹಿಂದೆಂದೂ ಹಾಲು ಕುಡಿದಿರಲಿಲ್ಲ.

ಓವನ್ನು ನೂರೆಪ್ಪತ್ತಾರರ ಸುಮಾರಿಗೆ. ಸುಟ್ಟ ವಾಸನೆ ಬರಲಿಲ್ಲ. ಉಬ್ಬಿತು ಕೂಡ. ನಾವಿಬ್ಬರೂ ಗಾಜಿಗೆ ಮೂಗು ಹಚ್ಚಿ ಕೂತಿದ್ದೆವು. ತೆಗೆದು ಇಟ್ಟದ್ದೇ ತಡ, ಕಣ್ಣೆದುರೇ ನಡುವೆ ಕುಸಿದು, ಕುಳಿಯಲ್ಲಿ ಬೆಣ್ಣೆ ನಿಂತುಕೊಂಡಿತು.

ಅತ್ತೆ ಬಗ್ಗಿ ನೋಡಿದರು. “ಮಳಿ ಆದ್ಮ್ಯಾಲ ನಿಮ್ಮ ಓಣಿ ರಸ್ತಾ ಹಿಂಗೇ ಇರ್ತದ. ಏ ಯೂನಿವರ್ಸಿಟಿ ಬಾಯಿ, ಇದು ನಿನ್ನ ಲೆಕ್ಕೇನು?”

ನನ್ನ ಲೆಕ್ಕವೇ. ಔನ್ಸಿನಲ್ಲಿ ಎರಡು ಜಾತಿ. ನೀರು, ಹಾಲು ಅಳೆಯುವುದು ಒಂದು, ಹಿಟ್ಟು, ಬೆಣ್ಣೆ ತೂಗುವುದು ಇನ್ನೊಂದು. ಬಾಟಲಿಯ ಎಂಟು ಔನ್ಸಿನ ಗೆರೆವರೆಗೆ ಮೈದಾ ತುಂಬಿದರೆ ತೂಕದಲ್ಲಿ ಎಂಟು ಔನ್ಸಿನ ಅರ್ಧಕ್ಕಿಂತ ಚೂರು ಹೆಚ್ಚು ಆದೀತು ಅಷ್ಟೇ. ಇದನ್ನು ಪುಸ್ತಕದ ಹಿಂದಿನ ಪುಟಗಳನ್ನು ಓದಿ ತಿಳಿದುಕೊಂಡೆ. ಎಂಟು ಔನ್ಸು ಅಂದರೆ ಇನ್ನೂರಿಪ್ಪತ್ತೇಳು ಗ್ರಾಂ ಎಂದೂ ಅಲ್ಲಿಯೇ ಇತ್ತು. ಒಂದು ತತ್ತಿಯನ್ನು ಎರಡು ಔನ್ಸು ಎಂದು ಹಿಡಿದಿದ್ದೇವೆ ಎಂಬ ಮಾತೂ ಇತ್ತು. ಅದನ್ನೂ ಓದಿದೆ, ಆದರೆ ಅದು ನಮಗೆ ಬೇಕಾದದ್ದು ಎಂದು ಹೊಳೆಯಲಿಲ್ಲ.

ಗ್ರಾಂ ಗೊತ್ತಾದರೂ ತೂಗುವುದು ಎಲ್ಲಿ? ಬಂದ್‌ನಿಂದಾಗಿ ಅಂಗಡಿಗಳ ಬಾಗಿಲು ಹಾಕಿತ್ತು. ಮನೆಯಲ್ಲಿದ್ದದ್ದು ಅಜ್ಜಿಯ ಕಾಲದ ಒಂದು ಹಿತ್ತಾಳೆ ತರಾಜು, ಅಂದರೆ ತಕ್ಕಡಿ. ಎರಡು ಪರಡಿ, ಸರಪಳಿ, ಮುಳ್ಳು ಎಲ್ಲ ಸರಿ ಇತ್ತು, ತೂಕದ ಕಲ್ಲು ಮಾತ್ರ ಒಂದೂ ಇರಲಿಲ್ಲ. ಅಣ್ಣ ಮತ್ತು ನಾನು ಚಿಕ್ಕವರಿದ್ದಾಗ ಅವುಗಳಿಂದ ಹುಣಸೆಹಣ್ಣು ಕೆಡವಿ ಕಳೆದಿದ್ದೆವಂತೆ. ವೈನಿ ತರಾಜನ್ನು ಒರೆಸಿ ಮೊಳೆಗೆ ತೂಗುಹಾಕಿ ಅದನ್ನೇ ನೋಡುತ್ತ ನಿಂತರು. “ನಾಳಿದ್ದು ಹಬ್ಬ. ಬೆಣ್ಣಿ ಉಳಿದದ್ದು ಒಂದ ಸಲಕ್ಕ ಆಗೂವಷ್ಟು. ಇನ್ನ ತಪ್ಪು ಮಾಡಾಕ ಜಾಗಿಲ್ಲ.” ನಾನು ತಮಾಷೆಗೆ ಏನೋ ಹೇಳಿದೆ, ಅವರು ನಗಲಿಲ್ಲ. ಆಗ ನನಗೆ ಇದು ಕೇಕಿನ ಮಾತಲ್ಲವೆಂದು ಅರ್ಥವಾಯಿತು.

ಹುಟ್ಟುಹಬ್ಬದ ಬೆಳಿಗ್ಗೆ ಕೂಸನ್ನು ಬೆಲ್ಲದಲ್ಲಿ ತೂಗಿಸುವ ಹರಕೆ ಇತ್ತು. ಝರಾಸಂಗದ ಗುಡಿಯಲ್ಲಿ. ಬಸ್ಸಿಲ್ಲದ್ದರಿಂದ ಪರಿಚಯದವರ ಜೀಪು. ಗುಡಿಯ ತಕ್ಕಡಿಯ ಒಂದು ಪರಡಿಯಲ್ಲಿ ಕೂಸನ್ನು ಕೂಡಿಸಿದರು. ಅವಳು ಸರಪಳಿ ಹಿಡಿದು ಜೋಕಾಲಿ ಎಂದು ತಿಳಿದು ಕೇಕೆ ಹಾಕಿದಳು. ಇನ್ನೊಂದು ಪರಡಿಗೆ ಪೂಜಾರಿ ಬೆಲ್ಲದ ಪೆಂಟಿ ಇಡುತ್ತ ಹೋದರು.

“ಕಾಲಾಗಿನ ಚೈನ ತಗೀರಿ, ಬೆಳ್ಳಿಗೂ ಬೆಲ್ಲ ಕೊಡ್ಲಿಕತ್ತೀರೇನು?” ಎಂದರು ಅತ್ತೆ. ಚೈನು ತೆಗೆದರು. ಪೂಜಾರಿ ಒಂದು ಪೆಂಟಿ ತೆಗೆದು ಸಣ್ಣದೊಂದು ತುಂಡಿಟ್ಟರು. ಮುಳ್ಳು ಅತ್ತಿತ್ತ ಆಡಿ ನಿಂತಿತು.

“ಎಷ್ಟಾತ್ರಿ?” ಎಂದು ಕೇಳಿದೆ. ಎಷ್ಟು ಕಿಲೋ ಎಂದು ತಿಳಿದುಕೊಳ್ಳುವ ಆಸೆ.

“ಕೂಸಿನಷ್ಟು ಆತು,” ಎಂದರು ಪೂಜಾರಿ, ಇನ್ನೆಷ್ಟು ಆಗುತ್ತದೆ ಎಂಬಂತೆ.

ಬರುವಾಗ ಜೀಪಿನಲ್ಲಿ ಅಪ್ಪ ಮುಂದೆ, ಡ್ರೈವರನ ಪಕ್ಕ. ಹಿಂದೆ ನಾವು ಹೆಂಗಸರು, ಕಾಲ ಬಳಿ ಪ್ರಸಾದದ ಬೆಲ್ಲ. ಯಾರು ಮೊದಲು ಹೇಳಿದರೋ ನನಗೆ ಖಚಿತವಿಲ್ಲ. ನಾನೇ ಎಂದು ಬಹಳ ವರ್ಷ ನಂಬಿದ್ದೆ. ವೈನಿ ತಾವೇ ಎನ್ನುತ್ತಾರೆ. ಅತ್ತೆಯಂತೂ ಕೇಳಿದವರಿಗೆಲ್ಲ ತಾವೇ ಹೇಳಿಕೊಟ್ಟದ್ದೆಂದು ತಾಂಡೂರಿನಲ್ಲಿ ಹಬ್ಬಿಸಿದ್ದಾರೆ. ಯಾರಾದರೂ ಆಗಲಿ, ಮಾತು ಇದು: ಎಂಟು, ಎಂಟು, ಎಂಟು ಎಂದರೆ ಎಲ್ಲವೂ ಸಮ. ನಾಲ್ಕು ತತ್ತಿ ಎಂದರೂ ಅದೇ ಎಂಟು. ಹಾಗಾದರೆ ಔನ್ಸೂ ಬೇಡ, ಗ್ರಾಮೂ ಬೇಡ. ಒಂದು ಪರಡಿಯಲ್ಲಿ ನಾಲ್ಕು ತತ್ತಿ ಇಟ್ಟು, ಅವುಗಳಷ್ಟೇ ಬೆಣ್ಣೆ, ಅವುಗಳಷ್ಟೇ ಸಕ್ಕರೆ, ಅವುಗಳಷ್ಟೇ ಮೈದಾ ತೂಗಿದರಾಯಿತು. ನಮ್ಮ ತತ್ತಿಗಳು ಇಂಗ್ಲೆಂಡಿನವಕ್ಕಿಂತ ಸಣ್ಣವಾದರೆ ಕೇಕೂ ಅಷ್ಟೇ ಸಣ್ಣದಾದೀತು, ಕೆಡಲಾರದು.

“ಖಾಲಾನ ಸಾಮಾನಿನಷ್ಟು!” ಎಂದು ವೈನಿ ನನ್ನ ತೊಡೆ ಚಿವುಟಿದರು. ಮುಂದಿನ ಸೀಟಿನಲ್ಲಿದ್ದ ಅಪ್ಪನ ತಲೆ ಅಲುಗಿತೇ? ರಸ್ತೆಯಲ್ಲಿ ಗುಂಡಿಗಳೂ ಬಹಳ ಇದ್ದವು.

ಮನೆ ಮುಟ್ಟಿದರೆ ಹೊಸ ತೊಡಕು. ಆ ದಿನ ಹೆದ್ದಾರಿಯಲ್ಲಿ ವಂಟಾವಾರ್ಪು, ಅಂದರೆ ನಡುರಸ್ತೆಯಲ್ಲಿ ಒಲೆ ಹೂಡಿ, ಅಡುಗೆ ಮಾಡಿ, ಎಲ್ಲರೂ ಅಲ್ಲೇ ಉಣ್ಣುವ ಪ್ರತಿಭಟನೆ. ಖಾಲಾ ಮನೆಗೆ ಬೀಗ ಹಾಕಿ ಮಸಾಲೆಯ ಬಗಾರಾ ಅನ್ನ ಮಾಡಲು ಅಲ್ಲಿಗೆ ಹೋಗಿದ್ದರು. ತತ್ತಿಗಳನ್ನು ಹುಲ್ಲಿನಲ್ಲಿಟ್ಟು ಡಬ್ಬಿಯಲ್ಲಿ ನಮ್ಮ ಕಟ್ಟೆಯ ಮೇಲಿಟ್ಟಿದ್ದರು. ಇಷ್ಟು ದಿನ ಗೋಡೆಯಾಚೆ ಒಡೆದು ಬರುತ್ತಿದ್ದವು ಈಗ ಇಡಿಯಾಗಿ ನಮ್ಮ ಕೈಯಲ್ಲಿ. ಒಡೆಯದೇ ತರಾಜಿನಲ್ಲಿ ಕೂಡಬೇಕಾದವು. ತರಾಜು ತೂಗುತ್ತಿರುವುದು ಪಡಸಾಲೆಯಲ್ಲಿ, ಅದರಿಂದ ಎರಡು ಮಾರು ದೂರ ಅಪ್ಪನ ಕುರ್ಚಿ. ಅಡುಗೆಮನೆಗೆ ಒಯ್ಯೋಣವೆಂದರೆ ಅವ್ವನ ಒಲೆ. ಕಾಯೋಣವೆಂದರೆ ಕಲ್ಲಿದ್ದಲು ಗಣಿಗಳಲ್ಲೂ ಸಮ್ಮೆಯಾಗಿ ಕರೆಂಟು ಸರದಿಯ ಮೇಲೆ ಬರುತ್ತಿತ್ತು. ನಮ್ಮ ಸರದಿ ಮಧ್ಯಾಹ್ನ, ಅದು ತಪ್ಪಿದರೆ ರಾತ್ರಿ.

ವೈನಿ ಹಗ್ಗದ ಮೇಲಿದ್ದ ಅಪ್ಪನ ದಸ್ತಿ ಎಳೆದುಕೊಂಡರು. ಕರವಸ್ತ್ರಕ್ಕೆ ನಮ್ಮಲ್ಲಿ ದಸ್ತಿ ಎನ್ನುತ್ತಾರೆ. ಅಪ್ಪನವು ಹಳೆಯ ಕಾಲದ ದೊಡ್ಡ ದಸ್ತಿಗಳು. ನಾಲ್ಕು ತತ್ತಿಗಳನ್ನು ಅದರಲ್ಲಿ ಗಂಟು ಕಟ್ಟಿದರು. ದಸ್ತಿಗೂ ತೂಕವಿದೆಯೆಂದು ನಾನು ಇನ್ನೊಂದು ದಸ್ತಿ ತಂದು ಎದುರಿನ ಪರಡಿಗೆ ಹಾಕಿದೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಈಗ ನಾನು ಎಚ್ಚರದಿಂದ ಬರೆಯಬೇಕು. ನನ್ನ ನೆನಪಿನಲ್ಲಿ ಅಪ್ಪ ಕುರ್ಚಿಯಲ್ಲಿದ್ದಾರೆ, ಮುಖಕ್ಕೆ ಅಡ್ಡವಾಗಿ ಪೇಪರು. ವೈನಿ ಗಂಟನ್ನು ಪರಡಿಯಲ್ಲಿ ಇಳಿಸುವಾಗ ಪೇಪರಿನ ಹಿಂದಿನಿಂದ ಮಾತು ಬಂತು.

“ಗಂಟಿನಾಗೇನದವಾ?”

“ತೂಕದ ಕಲ್ರಿ ಮಾವಾರ. ಹಳೇವು ಸಿಕ್ಕಾವ.”

“ಹೌದಾ? ಸಾವಕಾಶ ಇಡು. ಒಡದ್ಗಿಡದಾವು.”

ವೈನಿ ಇದನ್ನು ಸಾರಾಸಗಟಾಗಿ ತಳ್ಳಿಹಾಕುತ್ತಾರೆ. ಅವರ ಪ್ರಕಾರ ಅಪ್ಪ ಆಗ ಪಡಸಾಲೆಯಲ್ಲೇ ಇರಲಿಲ್ಲ, ನಾರಾಯಣಖೇಡದವರು ಬಂದರೇನೋ ನೋಡಲು ಹೆದ್ದಾರಿಯ ಕಡೆ ಹೋಗಿದ್ದರು. “ಮಾವಾರು ಅಲ್ಲಿದ್ರ ನನ್ನ ಕೈ ನಡಗತಿದ್ದವಲ್ಲ, ನಡಗಲಿಲ್ಲ” ಎನ್ನುವುದು ಅವರ ಸಾಕ್ಷ್ಯ. ಅತ್ತೆ ಒಳಗಿನಿಂದ ಆ ಮಾತು ಸ್ಪಷ್ಟವಾಗಿ ಕೇಳಿದೆ ಎನ್ನುತ್ತಾರೆ, ಆದರೆ ಅತ್ತೆಗೆ ಒಳ್ಳೆಯ ಕಥೆ ಬೇಕು. ನನಗೂ ಬೇಕು. ಹೇಳಿ ಹೇಳಿ ನಾನೇ ಆ ಕುರ್ಚಿಯಲ್ಲಿ ಅಪ್ಪನನ್ನು ಕೂಡಿಸಿದೆನೇನೋ.

ಮುಂದಿನದರ ಬಗ್ಗೆ ಮಾತ್ರ ಜಗಳವಿಲ್ಲ. ಬೆಣ್ಣೆ ಇಟ್ಟೆವು, ಮುಳ್ಳು ನಡುವೆ ನಿಂತಿತು. ಸಕ್ಕರೆ. ಮೈದಾ. ಒಂದು ಚಿಟಿಕೆ ತೆಗೆದು ಒಂದು ಚಿಟಿಕೆ ಹಾಕಿ. ಕೊನೆಗೆ ಗಂಟು ಬಿಚ್ಚಿ ತತ್ತಿಗಳನ್ನು ಹಿತ್ತಲಲ್ಲಿ ಒಡೆದು, ಸಿಪ್ಪೆಯನ್ನು ಕರಿಬೇವಿನ ಗಿಡದ ಬುಡಕ್ಕೆ ಹೂತೆವು. ಅಪ್ಪನ ಮೂಗಿನ ಭಯಕ್ಕೆ ವೈನಿ ವೆನಿಲಾವನ್ನು ಪುಸ್ತಕ ಹೇಳಿದ್ದಕ್ಕಿಂತ ಜಾಸ್ತಿ ಸುರಿದರು. ಅದೊಂದನ್ನು ನಾವು ಯಾವ ತೂಕಕ್ಕೂ ಹಚ್ಚಲಿಲ್ಲ. ಕೇಕು ಒಳಗಿದ್ದಷ್ಟು ಹೊತ್ತು ವೈನಿ ಫ್ಯಾನನ್ನೇ ನೋಡುತ್ತಿದ್ದರು, ಅದು ತಿರುಗುತ್ತಿದ್ದರೆ ಕರೆಂಟು ಇದೆ ಎಂದು. ಹೊಸ ಕಸಬರಿಗೆಯ ಕಡ್ಡಿ ಚುಚ್ಚಿ ನೋಡಿದರೆ ಏನೂ ಅಂಟದೆ ಹೊರಬಂತು. ಕೇಕು ತಣ್ಣಗಾಯಿತು. ಕುಸಿಯಲಿಲ್ಲ. ವೈನಿ ಆ ಕಡ್ಡಿಯನ್ನು ನನಗೆ ತೋರಿಸಿದರು, ಅವ್ವನಿಗೆ ತೋರಿಸಿದರು, ಕೂಸಿಗೂ ತೋರಿಸಿದರು.

ನಾರಾಯಣಖೇಡದವರು ತೊಗರಿ ಸಾಗಿಸುವ ಟೆಂಪೊದಲ್ಲಿ ಸಂಜೆ ಬಂದರು. ಹೆದ್ದಾರಿಯಲ್ಲಿ ಅವರನ್ನು ತಡೆದು, ಉಣ್ಣದೇ ಮುಂದೆ ಬಿಡುವುದಿಲ್ಲವೆಂದು ಕೂಡಿಸಿ ಬಗಾರಾ ಅನ್ನ ಬಡಿಸಿದ್ದರಂತೆ. ಬಡಿಸಿದವರು ಖಾಲಾ. “ನಿಮ್ಮ ಮಗಳ ಕೇಕಿಗೆ ಹೊಟ್ಟ್ಯಾಗ ಜಾಗಾ ಬಿಡ್ರಿ” ಎಂದು ಹೇಳುತ್ತಲೇ ಮತ್ತೆ ಮತ್ತೆ ಹಾಕಿದ್ದರಂತೆ. ಬಂದವರ ಬಟ್ಟೆಯಿಂದ ತೊಗರಿಯ ಹೊಟ್ಟು ಉದುರುತ್ತಿತ್ತು. ಅಣ್ಣನೂ ಬೀದರಿನಿಂದ ಯಾರದೋ ಮೋಟರ್‌ಸೈಕಲ್ಲಿನ ಹಿಂದೆ ಕೂತು ಬಂದ.

ಕೂಸಿನ ಕೈ ಹಿಡಿದು ಕೇಕು ಕತ್ತರಿಸಿದೆವು. ಒಳಗೆ ಹಳದಿ, ಸಣ್ಣ ಸಣ್ಣ ರಂಧ್ರ, ಎಲ್ಲೂ ಹಸಿ ಇಲ್ಲ. ಎಲ್ಲರಿಗಿಂತ ಮೊದಲು ಒಂದು ತುಂಡು ಅಪ್ಪನಿಗೆ ಹೋಯಿತು. ವೈನಿ ತಟ್ಟೆ ಕೊಟ್ಟು ಅಲ್ಲೇ ನಿಂತರು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ. ಅವ್ವ ಗೋಡೆ ನೋಡುತ್ತಿದ್ದಳು. ಅಪ್ಪ ತುಂಡನ್ನು ಮೂಗಿನ ಹತ್ತಿರ ತಂದರು. ತಿಂದರು. ಅವಸರ ಮಾಡಲಿಲ್ಲ. ಆಮೇಲೆ ಖಾಲಿ ತಟ್ಟೆಯನ್ನು ಮುಂದೆ ಹಿಡಿದರು.

“ಇನ್ನೊಂದು ಹಾಕು. ಎರಡು ಅಂತ ಮಾತಾಗ್ಯಾದ.”

ಎರಡನೆಯದನ್ನೂ ಮುಗಿಸಿ ಬಾಯಿ ಒರೆಸಿಕೊಂಡರು. ಅದೇ ದಸ್ತಿಯಿಂದಲೋ, ಬೇರೆಯದರಿಂದಲೋ ಹೇಳಲಾರೆ.

“ಆತು. ಪೆಟ್ಟಿಗಿ ಇರ್ಲಿ. ಆದ್ರ ನನ್ನ ಚಾ ಕಪ್ಪಿಗಿ ಬ್ಯಾರೆ ಟೇಬಲ್ ಬೇಕು.”

ಅತ್ತೆ ಸುಮ್ಮನಿರಲಾರದೆ, “ಹೆಂಗಾಗ್ಯಾದೋ ತಮ್ಮಾ? ವಾಸನಿಗೀಸನಿ?” ಎಂದು ಕೇಳಿದರು.

“ಹೂವಿನ ವಾಸನಿ ಬರ್ತದ,” ಎಂದರು ಅಪ್ಪ.

ಬಸ್ಸು ಶುರುವಾದಾಗ ಬೀದರಿನ ಬೇಕರಿಯವನು ಬಂದ, ಬರಿಗೈಲಿ ಹೋದ. ಅತ್ತೆ ತಾಂಡೂರಿಗೆ ಹೋಗುವಾಗ ಕೇಕು ಕಟ್ಟಿಸಿಕೊಂಡು ಹೋಗಿ, ಮೊದಲ ಆರ್ಡರನ್ನು ಅಲ್ಲಿಂದಲೇ ಫೋನಿನಲ್ಲಿ ಕೊಟ್ಟರು. ನಾನು ಹೈದರಾಬಾದಿಗೆ ಮರಳಿದೆ. ತೆಲಂಗಾಣ ಬಂತು. ಈಗ ವೈನಿಗೆ ಎರಡನೆಯ ಓವನ್ನು, ಡಿಜಿಟಲ್ ತೂಕದ ಯಂತ್ರ, ಅಳತೆಯ ಕಪ್ಪು-ಚಮಚಗಳ ಸೆಟ್ಟು ಎಲ್ಲ ಇದೆ. ಬೆಳಿಗ್ಗೆ ಎದ್ದರೆ ಅವರು ಮಾಡಬೇಕಾದ ಕೆಲಸ ಅವರಿಗಾಗಿ ಕಾದಿರುತ್ತದೆ. ಯಾರಾದರೂ ಅಮೆರಿಕದ ಕಪ್ಪಿನ ಲೆಕ್ಕದ ವಿಡಿಯೋ ತೋರಿಸಿದರೆ ಅವರೇ ಬಾಯಲ್ಲಿ ಗ್ರಾಮಿಗೆ ತಿರುಗಿಸುತ್ತಾರೆ, ನನ್ನ ಲೆಕ್ಕಕ್ಕಿಂತ ಬೇಗ. ತತ್ತಿಯಿಲ್ಲದ ಕೇಕೂ ಮಾಡುತ್ತಾರೆ. ಒಮ್ಮೆ ಸುಮ್ಮನೆ ಲೆಕ್ಕ ಹಾಕಿ ನೋಡಿದೆ. ಅಜ್ಜಿಯ ಕಳೆದುಹೋದ ಪಾವಶೇರಿನ, ಅಂದರೆ ಕಾಲು ಸೇರಿನ, ಕಲ್ಲು ಎಂಟು ಔನ್ಸಿಗೆ ಕೂದಲೆಳೆಯಷ್ಟೇ ಹೆಚ್ಚು. ನಾನು, ಅಣ್ಣ ಅದರಿಂದ ಹುಣಸೆಹಣ್ಣು ಕೆಡವದಿದ್ದರೆ ದಸ್ತಿಯ ಗಂಟೂ ಇರುತ್ತಿರಲಿಲ್ಲ, ಈ ಬರಹವೂ ಇರುತ್ತಿರಲಿಲ್ಲ.

ಅಪ್ಪ ಈಗಲೂ ತತ್ತಿ ತಿನ್ನುವುದಿಲ್ಲ. ಓಣಿಯ ಆ ತುದಿಯ ವಾಸನೆ ತಿಳಿಯುತ್ತದೆ ಎಂದು ಈಗಲೂ ಹೇಳುತ್ತಾರೆ. ಆದರೆ ಪ್ರತಿ ವರ್ಷ ಮೊಮ್ಮಗಳ ಹುಟ್ಟುಹಬ್ಬಕ್ಕೆ ಆ ಹಳೆಯ ಕೇಕೇ ಆಗಬೇಕು, ತತ್ತಿಯಿಲ್ಲದ ಹೊಸದು ಬೇಡ ಎನ್ನುತ್ತಾರೆ. “ಅದು ಸಪ್ಪಗ ಆಗ್ತದ.” ಎರಡು ತುಂಡು ತಿನ್ನುತ್ತಾರೆ, ಮೂರನೆಯದನ್ನು ಬೇಡವೆನ್ನುತ್ತಾರೆ.

ಹೋದ ಯುಗಾದಿಗೆ ಹೋದಾಗ ಪಡಸಾಲೆಯಲ್ಲಿ ಅವರೊಬ್ಬರೇ ಸಿಕ್ಕರು. ಅದೇ ಕುರ್ಚಿ, ಅಡ್ಡ ಹಿಡಿದ ಪೇಪರು. ಇತಿಹಾಸದವಳು ಮೂಲ ಸಾಕ್ಷಿಯನ್ನೇ ಕೇಳದೆ ಇಷ್ಟು ವರ್ಷ ಸುಮ್ಮನಿದ್ದದ್ದೇ ದೊಡ್ಡದು. ಕೇಳಿಬಿಟ್ಟೆ. ಅವರು ಪೇಪರಿನ ಒಂದು ಹಾಳೆ ತಿರುವಿದರು, “ಚಾ ಆತೇನು ನೋಡು” ಎಂದರು. ಚಹಾ ತಂದು ಕೊಟ್ಟೆ. ಕುಡಿದರು. ಅದಾದ ಮೇಲೆ ಫೋನಿನಲ್ಲಿ ಎಷ್ಟೋ ಸಲ ಮಾತಾಡಿದ್ದೇವೆ, ಮಳೆ, ಬೆನ್ನುನೋವು, ಮೊಮ್ಮಗಳ ಮಾರ್ಕು ಎಲ್ಲ ಹೇಳುತ್ತಾರೆ, ಅದೊಂದನ್ನು ಬಿಟ್ಟು. ನಾನು ಕೇಳಿದ್ದು ಇಷ್ಟೇ:

“ಅಪ್ಪಾ, ಆವತ್ತ ನಿಮ್ಮ ದಸ್ತ್ಯಾಗ ಏನಿತ್ತಂತ ನಿಮಗ ಗೊತ್ತಿತ್ತೇನ್ರಿ?”